ಬಿಡುವಿನ ವೇಳೆ ಅನ್ನೋ ದೊಡ್ಡ ಸುಳ್ಳು

"ಮನೇಲೇ ಮಾಡೋದಲ್ವಾ, ಯಾಕಿಷ್ಟು ರೇಟು?"

ಮನೆಯಲ್ಲಿ ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಯಾರನ್ನೇ ಕೇಳಿ ನೋಡಿ, ಈ ಪ್ರಶ್ನೆ ಅವರಿಗೆ ಬಾಯಿಪಾಠ ಆಗಿರುತ್ತದೆ. ಕೇಳುವವರು ಕೈಯಲ್ಲಿ ಕಾಸಿಲ್ಲದವರೇನಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಒಂದು ಡಬ್ಬ ಪಾಪ್‌ಕಾರ್ನಿಗೆ ಕೇಳಿದಷ್ಟು ಕೊಟ್ಟು, ಚಕಾರ ಎತ್ತದೆ ಬರುವ ಜನ. ಅಲ್ಲಿ ಚೌಕಾಸಿ ಮಾಡಿದರೆ ಮರ್ಯಾದೆ ಹೋಗುತ್ತದೆ. ಇಲ್ಲಿ ಮಾಡದಿದ್ದರೆ ಬುದ್ಧಿವಂತಿಕೆ ಹೋಗುತ್ತದೆ :-)

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ನಮ್ಮ ಕಸುಬಿನಲ್ಲಿ ಗಂಟೆ ಅಂದರೆ ದುಡ್ಡು. ಕಾಲು ಗಂಟೆ ಮೀಟಿಂಗಿನಲ್ಲಿ ಸುಮ್ಮನೆ ಕೂತು ಬಂದರೂ ಅದು ಟೈಮ್‌ಶೀಟಿಗೆ ಬೀಳುತ್ತದೆ, ಅಲ್ಲಿಂದ ಕ್ಲೈಂಟಿನ ಬಿಲ್ಲಿಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಈ ನಿಯಮ ಯಾಕೆ ನಡೆಯುವುದಿಲ್ಲ ಅನ್ನುವುದೇ ನನ್ನ ತಕರಾರು.

ಶಿರಸಿ ಕಡೆ ನನ್ನ ಚಿಕ್ಕಮ್ಮ ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ಬಲಿತ ಹಲಸಿನಕಾಯಿ ಕೊಯ್ದು, ಮೆಟ್ಟುಗತ್ತಿಯಲ್ಲಿ ಹೆಚ್ಚಿ, ಕೈಗೆ ಎಣ್ಣೆ ಹಚ್ಚಿಕೊಂಡು ಮೇಣದ ಜೊತೆ ಗುದ್ದಾಡಿ ತೊಳೆ ಬಿಡಿಸಬೇಕು. ತೊಳೆ ಬೇಯಿಸಿ, ಉಪ್ಪು, ಖಾರ, ಜೀರಿಗೆ ಹಾಕಿ ಬಿಸಿ ಇರುವಾಗಲೇ ಅರೆಯಬೇಕು. ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿ, ಚಾಪೆಯ ಮೇಲೆ ಹರವಬೇಕು. ಆಮೇಲೆ ಮೂರು ದಿನ ಬಿಸಿಲು, ಕಾಗೆ, ಮೇ ತಿಂಗಳ ಅಡ್ಡಮಳೆ ಮೂರನ್ನೂ ಕಾಯಬೇಕು.

ಇದರ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಹಾಕಿ ಕೊಟ್ಟೆ. 200 ಹಪ್ಪಳದ ಒಂದು ಸರದಿ. ನೂರಕ್ಕೆ 350ರಂತೆ 700 ರೂಪಾಯಿ ಬಂತು. ಮೆಣಸು, ಜೀರಿಗೆ, ಎಣ್ಣೆ, ಗ್ಯಾಸು, ಪ್ಯಾಕಿಂಗು ಸೇರಿ ಖರ್ಚು 160. ಹಲಸಿನಕಾಯಿ ಹಿತ್ತಲಿನದು, ಅದಕ್ಕೆ ಸೊನ್ನೆ. ಉಳಿದದ್ದು 540. "ಲಾಭ ಚೆನ್ನಾಗೇ ಇದ್ದಲ" ಅಂದಳು ಚಿಕ್ಕಮ್ಮ.

ಮುಂದಿನ ಕಾಲಮ್ಮಿನಲ್ಲಿ ಗಂಟೆ ಬರೆದೆ. ಚಿಕ್ಕಮ್ಮ 6 ಗಂಟೆ, ಅವಳ ಸೊಸೆ 6 ಗಂಟೆ, ಒಣಗಿಸಿ ತಿರುವಿ ಹಾಕಿ ಎತ್ತಿಡಲು ದಿನಕ್ಕೊಂದರಂತೆ 3 ಗಂಟೆ. ಒಟ್ಟು 15. ಅಂದರೆ ಗಂಟೆಗೆ 36 ರೂಪಾಯಿ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆ ಅಂತ ಹಿಡಿದರೆ ಗಂಟೆಗೆ 46. ಸರ್ಕಾರ ಮಣ್ಣು ಹೊರುವ ಕೆಲಸಕ್ಕೆ ಗೊತ್ತುಮಾಡಿದ ಕೂಲಿಯೂ ನಾವು ಬಾಯಿ ಚಪ್ಪರಿಸುವ ಹಪ್ಪಳಕ್ಕೆ ಹುಟ್ಟುತ್ತಿಲ್ಲ. ಇದನ್ನು ಲಾಭ ಅನ್ನುತ್ತೀರಾ?

"ಮನೇಲಿ ಕೂತ್ಕಂಡು ಬಿಡುವಾದಾಗ ಮಾಡದಕ್ಕೆ ಎಂತ ಲೆಕ್ಕ ತಮಾ" ಅಂತ ಚಿಕ್ಕಮ್ಮ ನಕ್ಕುಬಿಟ್ಟಳು. ನನಗೆ ಸಿಟ್ಟು ಬರುವುದೇ ಈ ‘ಬಿಡುವಿನ ವೇಳೆ’ ಅನ್ನುವ ಮಾತಿಗೆ. ಎಲ್ಲಿದೆ ಸ್ವಾಮಿ ಬಿಡುವು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 88 ನಿಮಿಷ. ಮಕ್ಕಳು, ಮುದುಕರನ್ನು ನೋಡಿಕೊಳ್ಳುವುದರ ಲೆಕ್ಕವೇ ಬೇರೆ. ಇಷ್ಟೆಲ್ಲ ಮುಗಿಸಿದ ಮೇಲೆ ಉಳಿಯುವುದು ಅವರ ನಿದ್ದೆ ಮತ್ತು ಸೊಂಟ. ಅದನ್ನು ನಾವು ಬಿಡುವು ಅಂತ ಕರೆದು ಪುಕ್ಕಟೆ ಮಾಡಿಕೊಂಡಿದ್ದೇವೆ.

ಈಗ ಮೌಲ್ಯದ ಮಾತಿಗೆ ಬರೋಣ. ಗೃಹೋದ್ಯಮದ ಬಗ್ಗೆ ಭಾಷಣ ಮಾಡುವವರೆಲ್ಲ ಪ್ರೀತಿ, ಪರಂಪರೆ, ಅಮ್ಮನ ಕೈರುಚಿ ಅಂತ ಶುರು ಮಾಡುತ್ತಾರೆ. ದುಡ್ಡಿನ ಮಾತು ಬಂದ ಕೂಡಲೇ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕನ್ನಡದಲ್ಲಿ ಮೌಲ್ಯ ಅಂದರೆ ಬೆಲೆ ಅಂತಲೂ ಅರ್ಥ ಇದೆಯಲ್ಲ, ಅದು ಇವರಿಗೆ ಮರೆತೇ ಹೋಗಿದೆ. ಕೆಲಸ ಮಾಡಿದವಳ ಬೆಲೆ ಸೊನ್ನೆ ಅಂತ ಇಟ್ಟುಕೊಂಡ ಉದ್ಯಮಕ್ಕೆ ಎಂಥ ಮೌಲ್ಯ ಇದ್ದೀತು?

"ಅವರು ಖುಷಿಗೆ ಮಾಡೋದು ಕಣ್ರೀ, ದುಡ್ಡಿಗಲ್ಲ" ಅನ್ನುವವರಿಗೆ ಒಂದು ಮಾತು. ನನಗೂ ಕೋಡ್ ಬರೆಯುವುದು ಖುಷಿಯೇ. ಹಾಗಂತ ತಿಂಗಳ ಕೊನೆಗೆ ಮ್ಯಾನೇಜರು "ನಿನಗೆ ಖುಷಿ ಸಿಕ್ಕಿತಲ್ಲ, ಸಂಬಳ ಯಾಕೆ?" ಅಂದರೆ ಸುಮ್ಮನಿರುತ್ತೇನೆಯೇ?

"ದೊಡ್ಡದಾಗಿ ಬೆಳೆಸಿ, ಮಷೀನು ಹಾಕಿ, ಆಗ ದುಡ್ಡು ಬರುತ್ತದೆ" ಅನ್ನುವವರು ಇನ್ನೊಂದು ಪಂಗಡ. ನಮ್ಮ ಇಂಜಿನಿಯರುಗಳ ಚಾಳಿ ಇದು, ಎರಡು ಒಲೆ ಕಂಡರೆ ಇನ್ನೂರು ಒಲೆಯ ಕನಸು ಕಾಣುವುದು. ಆದರೆ ಲಿಜ್ಜತ್ ಪಾಪಡ್ ನೋಡಿ. 1959ರ ಮಾರ್ಚ್‌ನಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು. ದೇಶದ ತುಂಬ ಹಬ್ಬಿದ ಮೇಲೂ ಹಪ್ಪಳ ಲಟ್ಟಿಸುವುದು ಮನೆಗಳಲ್ಲೇ. ಬೆಳಿಗ್ಗೆ ಹಿಟ್ಟು ಒಯ್ಯುತ್ತಾರೆ, ಲಟ್ಟಿಸಿ ಒಣಗಿಸಿ ತಂದು ಕೊಡುತ್ತಾರೆ, ಲಟ್ಟಿಸಿದ್ದಕ್ಕೆ ತೂಕದ ಮೇಲೆ ಕೂಲಿ ಎಣಿಸಿಕೊಳ್ಳುತ್ತಾರೆ. ಅದಲ್ಲದೆ ಎಲ್ಲರೂ ಸಂಸ್ಥೆಯ ಒಡತಿಯರು, ಲಾಭದಲ್ಲೂ ಪಾಲು. ದಾನ ತೆಗೆದುಕೊಳ್ಳುವುದಿಲ್ಲ ಅನ್ನುವುದು ಮೊದಲಿನಿಂದ ಬಂದ ನಿಯಮ. ಸ್ಥಾಪಕರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಕೂಲಿಯ ಲೆಕ್ಕ ಮೊದಲು, ಬೆಳವಣಿಗೆ ಆಮೇಲೆ. ನಾವು ಅದನ್ನು ತಲೆಕೆಳಗು ಮಾಡಿ ಉಪದೇಶ ಕೊಡುತ್ತೇವೆ.

ನಮ್ಮ ಕರಾವಳಿಯನ್ನೇ ನೋಡಿ. ಮನೆಯ ಚಿಟ್ಟೆಯ ಮೇಲೆ ಕೂತು ಬೀಡಿ ಕಟ್ಟುವ ಹೆಂಗಸನ್ನು ಕಾರ್ಮಿಕಳು ಅಂತ 1966ರ ಬೀಡಿ ಕಾಯ್ದೆಯೇ ಒಪ್ಪಿಕೊಂಡಿತ್ತು. ಸಾವಿರ ಬೀಡಿಗೆ ಇಷ್ಟು ಅಂತ ಕನಿಷ್ಠ ಕೂಲಿ ಗೊತ್ತುಮಾಡುತ್ತಾರೆ. ಅದು ಸರಿಯಾಗಿ ಕೈಸೇರುತ್ತದೋ ಇಲ್ಲವೋ ಬೇರೆ ಜಗಳ, ಕೇಳಲಿಕ್ಕೆ ಒಂದು ಅಂಕಿಯಾದರೂ ಇದೆ. ಸೇದುವ ಬೀಡಿಗೆ ರೇಟಿದೆ, ತಿನ್ನುವ ಹಪ್ಪಳಕ್ಕೆ "ಮನೇಲೇ ಮಾಡೋದಲ್ವಾ".

ಮಾಡುವವರಿಗೂ ಎರಡು ಮಾತು ಹೇಳದಿದ್ದರೆ ನನ್ನ ವಾದ ಒಕ್ಕಣ್ಣಿನದಾಗುತ್ತದೆ. ಮೊದಲನೆಯದು, ‘ಮನೆಯದು’ ಅನ್ನುವುದು ವಿನಾಯಿತಿ ಚೀಟಿ ಅಲ್ಲ. ಬೆಲೆ ಸರಿಯಾಗಿ ಕೇಳುವವರು ಪ್ಯಾಕೆಟ್ಟಿನ ಮೇಲೆ ತಯಾರಿಸಿದ ದಿನಾಂಕ ಬರೆಯಬೇಕು, ಯಾವ ಎಣ್ಣೆ ಅಂತ ಹೇಳಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆ ಸಣ್ಣ ತಯಾರಕರಿಗೂ ನೋಂದಣಿ ಮಾಡಿಸಲು ಹೇಳುತ್ತದೆ, ಮಾಡಿಸಬೇಕು. ಎರಡನೆಯದು ಮುಯ್ಯಾಳಿನ ವಿಷಯ. ಮನೆಖರ್ಚಿನ ಹಪ್ಪಳಕ್ಕೆ ಇವತ್ತು ಅವರು ನಮ್ಮಲ್ಲಿಗೆ, ನಾಳೆ ನಾವು ಅವರಲ್ಲಿಗೆ ಹೋಗುವುದು ಚೆಂದದ ಪದ್ಧತಿ. ಆದರೆ ಮಾರುವ ಹಪ್ಪಳಕ್ಕೂ ಪಕ್ಕದ ಮನೆಯವಳನ್ನು ಕರೆದು, ಸಂಜೆ ಒಂದು ಕಟ್ಟು ಹಪ್ಪಳ ಕೊಟ್ಟು ಕಳಿಸಿದರೆ ಅದು ಮುಯ್ಯಿ ಅಲ್ಲ. ನಮಗೆ ಆದ ಅನ್ಯಾಯವನ್ನು ಇನ್ನೊಬ್ಬಳಿಗೆ ದಾಟಿಸಿದ್ದು ಅಷ್ಟೇ. ಅವಳಿಗೂ ಗಂಟೆಯ ಲೆಕ್ಕದಲ್ಲೇ ಕೊಡಬೇಕು.

"ರೇಟು ಏರಿಸಿದರೆ ಯಾರು ಕೊಳ್ತಾರೆ?" ಇದು ನಿಜವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಹಾಗಾಗಿ ಮತ್ತೆ ಎಕ್ಸೆಲ್‌ಗೇ ಹೋಗೋಣ. 15 ಗಂಟೆಗೆ 46ರಂತೆ 690, ಖರ್ಚಿನ 160 ಸೇರಿಸಿದರೆ 850. ಅಂದರೆ ನೂರು ಹಪ್ಪಳಕ್ಕೆ 350ರ ಬದಲು 425. ಒಂದು ಹಪ್ಪಳಕ್ಕೆ ಹೆಚ್ಚಾದದ್ದು ಮುಕ್ಕಾಲು ರೂಪಾಯಿ! ಇಬ್ಬರು ಹೆಂಗಸರಿಗೆ ಕೂಲಿಯ ಮರ್ಯಾದೆ ಸಿಗಲು ಬೇಕಾದದ್ದು ಇಷ್ಟು. ಇದನ್ನೂ ಕೊಡಲಾಗದ ಗಿರಾಕಿ ಇದ್ದರೆ ಇರಲಿ. ಅವರಿಗೆ ಅಂಗಡಿಯಲ್ಲಿ ಅಗ್ಗದ ಹಪ್ಪಳ ಇದೆ, ತೆಗೆದುಕೊಳ್ಳಲಿ, ತಪ್ಪೇನಿಲ್ಲ. ಆರ್ಡರು ಸ್ವಲ್ಪ ಕಡಿಮೆಯಾದರೆ ಚಿಕ್ಕಮ್ಮನಿಗೆ ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಲು ಸಮಯ ಸಿಗುತ್ತದೆ. ಅದು ನಿಜವಾದ ಬಿಡುವು.

ಈ ವರ್ಷ ಅವಳು 400 ಅಂತ ಹೇಳಲು ಶುರು ಮಾಡಿದ್ದಾಳೆ. 425 ಹೇಳಲು ಇನ್ನೂ ನಾಚಿಕೆಯಂತೆ. ಆ ನಾಚಿಕೆಯನ್ನು ಅವಳಿಗೆ ಕಲಿಸಿದವರು ನಾವು, ಗಿರಾಕಿಗಳು ಮತ್ತು ಮನೆಯವರು ಸೇರಿ. ಬಿಡಿಸುವ ಜವಾಬ್ದಾರಿಯೂ ನಮ್ಮದೇ.

ಗೆಳೆಯರೇ, ನಿಮ್ಮ ಮನೆಗಳಲ್ಲೂ ಇಂಥ ಅಮ್ಮ, ಅತ್ತೆ, ಅಕ್ಕಂದಿರು ಇದ್ದೇ ಇರುತ್ತಾರೆ. ಒಂದು ಭಾನುವಾರ ಕೂತು ಗಂಟೆಯ ಕಾಲಮ್ಮು ಹಾಕಿ ನೋಡಿ. ಎಷ್ಟು ಬಂತು ಅಂತ ಇಲ್ಲಿ ಬಂದು ಹೇಳಿ. ನನ್ನ ಲೆಕ್ಕ ತಪ್ಪು ಅನ್ನುವವರೂ ಬನ್ನಿ, ಜಗಳ ಆಡೋಣ :-)