ಗ್ಯಾರೇಜಿಗೆ ಬಿಟ್ಟ ಬೈಕು ಕೆಟ್ಟು ಬಂದರೆ

ರಿಪೇರಿಗೆಂದು ಬಿಟ್ಟ ಬೈಕು ಗ್ಯಾರೇಜಿನವರ ಅಜಾಗ್ರತೆಯಿಂದ ಹೊಸ ದೋಷ ಹೊತ್ತು ಮರಳಿದರೆ, ಆ ನಷ್ಟವನ್ನು ತುಂಬಿಕೊಡಬೇಕಾದವರು ಗ್ಯಾರೇಜಿನವರೇ. ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಎಷ್ಟೋ ಸವಾರರು ಎರಡು ಮಾತು ಜಗಳವಾಡಿ, ಮತ್ತೆ ಕೈಯಿಂದ ಹಣ ಹಾಕಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬಾರದು ಎಂಬುದೇ ಈ ಮನವಿ.

ಈ ಊರುಗಳ ದಿನಚರಿಯೇ ಸವಾರರ ಕೈ ಕಟ್ಟಿಹಾಕುತ್ತದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಆತುರದಲ್ಲಿ ಸ್ಟೇಷನ್ ಹತ್ತಿರದ ಗ್ಯಾರೇಜಿನ ಹುಡುಗನ ಕೈಗೆ ಕೀ ಕೊಟ್ಟು ಓಡುವುದು. ರಾತ್ರಿ ಶಟರ್ ಅರ್ಧ ಇಳಿದ ಹೊತ್ತಿಗೆ ಬಂದು, ಬೀದಿದೀಪದ ಬೆಳಕಿನಲ್ಲಿ ಹಣ ಕೊಟ್ಟು ಬೈಕು ಹತ್ತುವುದು. ಕೊಡುವಾಗ ಬೈಕು ಹೇಗಿತ್ತು, ಪಡೆಯುವಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಮುಂದಿನ ವಾದವೆಲ್ಲ ನಿಲ್ಲುವುದು ಮಾತ್ರ ಈ ಎರಡು ಕ್ಷಣಗಳ ಮೇಲೆ.

ಹಾನಿಯ ಬಗೆಗಳು ಹಲವು. ಗೀರು, ಒಡೆದ ಇಂಡಿಕೇಟರ್ ಕೂಡಲೇ ಕಣ್ಣಿಗೆ ಬೀಳುತ್ತವೆ. ತಡವಾಗಿ ಹೊರಬೀಳುವವೇ ದುಬಾರಿ. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟನ್ನು ಮಿತಿಮೀರಿ ಬಿಗಿದರೆ ಉಕ್ಕಿನ ಬೋಲ್ಟು ಎಂಜಿನ್ ತಳದ ಅಲ್ಯೂಮಿನಿಯಂ ಥ್ರೆಡ್ಡನ್ನು ತಿಂದುಹಾಕುತ್ತದೆ. ಆಯಿಲ್ ಹನಿಹನಿಯಾಗಿ ಸೋರಿ, ಗಮನಿಸದಿದ್ದರೆ ಒಂದು ದಿನ ಎಂಜಿನ್ನೇ ಸೀಜ್ ಆಗುತ್ತದೆ. ಚೈನನ್ನು ತೀರಾ ಬಿಗಿ ಮಾಡಿದರೆ ಬೇರಿಂಗ್, ಸ್ಪ್ರಾಕೆಟ್ ಬೇಗ ಸವೆಯುತ್ತವೆ. ಬಿರುಸಾಗಿ ನೀರು ಹೊಡೆದು ತೊಳೆದಾಗ ವೈರಿಂಗ್ ಕನೆಕ್ಟರುಗಳಿಗೆ ನೀರಿಳಿದು, ಮರುದಿನ ಬೈಕು ಸ್ಟಾರ್ಟ್ ಆಗದೆ ನಿಲ್ಲಬಹುದು. ಉಲ್ಲಾಸ್, ವಾಲಧುನಿ ನದಿಗಳು ಉಕ್ಕುವ ಕಲ್ಯಾಣ್ ಕಡೆ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ: ನೆರೆಯಲ್ಲಿ ಮುಳುಗಿದ ಬೈಕನ್ನು ನೀರು ತೆಗೆಯದೆ ಸ್ಟಾರ್ಟ್ ಮಾಡಿದರೆ, ಸಿಲಿಂಡರಿನಲ್ಲಿ ನಿಂತ ನೀರು ಒತ್ತಡಕ್ಕೆ ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಸ್ಟಾರ್ಟರ್ ಒತ್ತಿದವರು ಮಾಲೀಕರೋ ಮೆಕ್ಯಾನಿಕ್ಕೋ ಎಂಬ ಪ್ರಶ್ನೆಯಲ್ಲೇ ಅಂಥ ವ್ಯಾಜ್ಯ ತೀರ್ಮಾನವಾಗುತ್ತದೆ.

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ತೊಡಕು ಹೆಚ್ಚಿದೆ. ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್, ಸೆನ್ಸರುಗಳು ಬಂದಿವೆ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಅನುಭವಿ ಮೆಕ್ಯಾನಿಕ್ಕಿಗೂ ಇವುಗಳಿಗೆ ಸ್ಕ್ಯಾನರ್ ಬೇಕು. ಅದಿಲ್ಲದೆ ಅಂದಾಜಿನ ಮೇಲೆ ವೈರು ಕತ್ತರಿಸಿದರೆ ಬೈಕು ಕೆಡುವುದಲ್ಲದೆ ಕಂಪನಿಯ ವಾರಂಟಿಯೂ ಕೈತಪ್ಪಬಹುದು. ವಿಮೆಯನ್ನು ನಂಬಿ ಕೂರುವಂತಿಲ್ಲ. ಯಾಂತ್ರಿಕ ಮತ್ತು ವಿದ್ಯುತ್ ದೋಷಗಳನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುತ್ತವೆ.

ಹೊಣೆಯ ಮೂಲ 1872ರ ಭಾರತೀಯ ಕರಾರು ಅಧಿನಿಯಮದಲ್ಲಿದೆ. ಒಂದು ಕೆಲಸಕ್ಕೆಂದು ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆದವರು, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಕಲಮು. ಒಪ್ಪಿದ ಉದ್ದೇಶ ಬಿಟ್ಟು ಬಳಸಿದರೆ ಆ ಬಳಕೆಯಿಂದಾದ ಹಾನಿಗೆ ಅವರೇ ಹೊಣೆ ಎಂಬುದು 154ನೇ ಕಲಮು. ಟ್ರಯಲ್ ನೋಡುವ ನೆಪದಲ್ಲಿ ಗ್ಯಾರೇಜಿನ ಹುಡುಗ ಬೈಕಿನಲ್ಲಿ ಸ್ವಂತ ಕೆಲಸಕ್ಕೆ ಹೋಗಿ ಬಿದ್ದುಬಂದರೆ ಅನ್ವಯವಾಗುವುದು ಇದೇ.

ಜಾಬ್ ಕಾರ್ಡಿನ ಕೆಳಗೆ ‘ವಾಹನ ಮಾಲೀಕರ ಹೊಣೆ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಕಾಗಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ಪಾರ್ಕಿಂಗಿಗೆಂದು ಸಿಬ್ಬಂದಿಗೆ ಒಪ್ಪಿಸಿದ ಮಾರುತಿ ಜೆನ್ ಕಾರು ಕಳುವಾಗಿತ್ತು. ಪಾರ್ಕಿಂಗ್ ಚೀಟಿಯಲ್ಲಿ ಇಂಥದೇ ಸಾಲು ಇತ್ತು. ವಾಹನವನ್ನು ವಶಕ್ಕೆ ಪಡೆದ ಹೋಟೆಲು ಅಂಥ ಸಾಲನ್ನು ಮುಂದೊಡ್ಡಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗಲಾರದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ತೀರ್ಪಿತ್ತಿತು. ಕೀ ಪಡೆದುಕೊಂಡ ಗ್ಯಾರೇಜಿನ ಮುಂದೆಯೂ ಇದೇ ತರ್ಕವನ್ನು ಇಡಬಹುದು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಕೆಟ್ಟ ರಿಪೇರಿ ಸೇವಾ ನ್ಯೂನತೆ; ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸಣ್ಣ ಅಂಗಡಿಗೆ ಜಿಎಸ್‌ಟಿ ನೋಂದಣಿ ಇಲ್ಲದಿರಬಹುದು, ಆದರೆ ಅದು ರಸೀದಿ ಕೊಡದಿರಲು ಕಾರಣವಲ್ಲ. ಬಿಲ್ ಬೇಡ ಅಂದರೆ ನೂರಿನ್ನೂರು ಕಡಿಮೆ ಎಂಬ ಮಾತಿಗೆ ಸವಾರರು ದಯವಿಟ್ಟು ಒಪ್ಪಬಾರದು. ಆ ಉಳಿತಾಯಕ್ಕೆ ಬಿಟ್ಟುಕೊಡುವುದು ಇಡೀ ದಾವೆಯನ್ನೇ.

ಕೀ ಕೊಡುವ ಮುನ್ನ ಬೈಕಿನ ನಾಲ್ಕೂ ಬದಿ, ಕಿಲೋಮೀಟರ್ ಮೀಟರ್, ಇಂಧನ ಮಟ್ಟ ಕಾಣುವಂತೆ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆಯುವುದು, ಹೇಳಿದ ಕೆಲಸಗಳನ್ನು ಜಾಬ್ ಕಾರ್ಡಿನಲ್ಲೋ ವಾಟ್ಸ್ಆ್ಯಪ್ ಸಂದೇಶದಲ್ಲೋ ಬರೆಸುವುದು, ಬದಲಿಸಿದ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯುವುದು: ಇವಕ್ಕೆ ಹತ್ತು ನಿಮಿಷ ಸಾಕು. ಒಂದು ಲೋಕಲ್ ತಪ್ಪಿದರೂ ಸರಿಯೇ. ದೋಷ ಕಂಡ ಮೇಲೆ ಬೇರೆ ಕಡೆ ಬಿಚ್ಚಿಸಬಾರದು. ಬಿಚ್ಚಿದ ಎಂಜಿನ್ನು ಯಾರ ತಪ್ಪನ್ನೂ ಖಚಿತವಾಗಿ ಹೇಳಲಾರದು. ಮೊದಲು ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಿಂದ ದೋಷದ ಕಾರಣವನ್ನು ಬರೆಸಿಕೊಳ್ಳಬೇಕು. ಮಜೂರಿ ಬಾಕಿಯಿದ್ದರೆ ಬೈಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕೆಲಸ ಮಾಡಿದವರಿಗಿದೆ (ಕರಾರು ಅಧಿನಿಯಮದ 170ನೇ ಕಲಮು). ಆದ್ದರಿಂದ ಹಣ ಕೊಡಲೇಬೇಕಾದಾಗ ‘ತಕರಾರಿನೊಂದಿಗೆ ಪಾವತಿ’ ಎಂದು ಬಿಲ್ಲಿನ ಮೇಲೆ ಬರೆದು ಕೊಡುವುದು ಲೇಸು.

ಇಲ್ಲಿ ನ್ಯಾಯಬುದ್ಧಿಯೂ ಬೇಕು. ಸವೆದು ಮುಗಿದಿದ್ದ ಕ್ಲಚ್ ಪ್ಲೇಟು ಸರ್ವಿಸಿಂಗಿನ ಮರುವಾರ ಕೈಕೊಟ್ಟರೆ ಅದು ಮೆಕ್ಯಾನಿಕ್ಕಿನ ತಪ್ಪಲ್ಲ. ಬಾಲ್ಯದಲ್ಲೇ ಉಸ್ತಾದರ ಕೈಕೆಳಗೆ ಕೆಲಸ ಕಲಿತು ಪ್ರಾಮಾಣಿಕವಾಗಿ ದುಡಿಯುವವರು ಈ ವೃತ್ತಿಯಲ್ಲಿ ಇದ್ದಾರೆ. ಬರವಣಿಗೆಯ ದಾಖಲೆ ಅವರನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ಥಾಣೆ ಜಿಲ್ಲೆಗೆ ಥಾಣೆಯಲ್ಲಿ ಒಂದು, ಸಿಬಿಡಿ ಬೇಲಾಪುರದ ಕೊಂಕಣ ಭವನದಲ್ಲಿ ಹೆಚ್ಚುವರಿಯಾಗಿ ಇನ್ನೊಂದು ಆಯೋಗವಿದೆ. ಖಾರ್‌ಘರ್, ಕಾಮೋಠೆ, ಪನ್ವೇಲ್ ರಾಯಗಢ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯವರ ಆಯೋಗ ಅಲಿಬಾಗಿನಲ್ಲಿದೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಊರಿಗೆ ಹೋದಾಗ ಉಡುಪಿಯಲ್ಲಿ ಆದ ಕೆಟ್ಟ ರಿಪೇರಿಗೆ ಡೊಂಬಿವಲಿಯವರು ಥಾಣೆಯಲ್ಲೇ ದೂರಬಹುದು. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆಯೋಗದ ಆದೇಶ ಪಾಲಿಸದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುವ ಅಧಿಕಾರ ಕಾನೂನಿನಲ್ಲಿದೆ. ಸ್ವಂತ ಬೈಕಿನಲ್ಲಿ ಡೆಲಿವರಿ ಮಾಡಿ ಹೊಟ್ಟೆ ಹೊರೆಯುವ ಹುಡುಗರು ತಮಗೆ ಈ ದಾರಿ ಇಲ್ಲವೆಂದುಕೊಳ್ಳಬಾರದು. ಸ್ವಉದ್ಯೋಗದ ಜೀವನೋಪಾಯವನ್ನು ಕಾನೂನು ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ಬೈಕು ಒಂದು ದಿನ ನಿಂತರೆ ಅಂದಿನ ಕೂಲಿಯೂ ನಿಲ್ಲುವ ಅವರಿಗೇ ಇದು ಎಲ್ಲರಿಗಿಂತ ಹೆಚ್ಚು ಬೇಕು.

ಅರ್ಜಿಯ ಭಾಷೆಗೆ ಅಂಜುವವರಿಗೆ ನೆರವಿದೆ. 1966ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ ಆಫ್ ಇಂಡಿಯಾ, 1975ರಿಂದ ದುಡಿಯುತ್ತಿರುವ ಮುಂಬಯಿ ಗ್ರಾಹಕ ಪಂಚಾಯತ್ ದೂರುದಾರರಿಗೆ ಮಾರ್ಗದರ್ಶನ ನೀಡುತ್ತವೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಕನ್ನಡದಲ್ಲಿ ಹೇಳಿಕೊಂಡ ದೂರನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡಲು ಅವರು ವಾರಕ್ಕೊಂದು ಸಂಜೆ ಮೀಸಲಿಡಬೇಕೆಂದು ವಿನಂತಿ.