ಗೃಹಸ್ಥರ ವ್ಯವಹಾರ: ಗೋವೆಯಲ್ಲಿ ಬಾಡಿಗೆಯ ಕಟ್ಟಡ

ಬೆಳಗಾವಿಯ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಮಡಗಾಂವಿನಲ್ಲಿ ಕೆಳಗೆ ಎರಡು ಮಳಿಗೆ, ಮೇಲೆ ಎರಡು ಮನೆಗಳಿರುವ ಹಳೆಯ ಕಟ್ಟಡ ಮಾರಾಟಕ್ಕಿದೆಯಂತೆ. "ಮಗಳ ಮದುವೆಗೆಂದು ಕೂಡಿಟ್ಟ ಹಣ ಹಾಕುವ ವಿಚಾರವಿದೆ. ಏನೇನು ನೋಡಬೇಕು?" ಎಂದು ಕೇಳಿದ್ದಾರೆ. ನಮ್ಮ ಎಷ್ಟೋ ಮನೆತನಗಳಿಗೆ ಉಪಯೋಗವಾದೀತೆಂದು ಉತ್ತರವನ್ನು ಇಲ್ಲಿಯೇ ಕೊಡುತ್ತಿದ್ದೇವೆ.

ಮೊದಲು ಕಾಗದಪತ್ರ. ಹಳ್ಳಿಯ ಜಮೀನಿಗೆ 'ಫಾರ್ಮ್ ೧ ಮತ್ತು ೧೪', ಪಟ್ಟಣದಲ್ಲಿ ಸಿಟಿ ಸರ್ವೆಯ 'ಫಾರ್ಮ್ ಡಿ' ತೆಗೆಸಿ ನೋಡಬೇಕು. ಗೋವೆಯ ಕುಟುಂಬ ಕಾನೂನಿಗೆ ಮೂಲ ೧೮೬೭ರ ಪೋರ್ಚುಗೀಸ್ ನಾಗರಿಕ ಸಂಹಿತೆ. ಅದರಂತೆ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರಿಗೂ ಆಸ್ತಿಯಲ್ಲಿ ಸಮಪಾಲು. ಆದ್ದರಿಂದ ಮಾರುವವನ ರುಜುವಿನ ಜೊತೆಗೆ ಅವನ ಹೆಂಡತಿಯ ರುಜುವೂ ಬೇಕು. ಹಿರಿಯರಿಂದ ಬಂದ ಆಸ್ತಿಯಾದರೆ ವಾರಸುದಾರರೆಲ್ಲರ ಒಪ್ಪಿಗೆಯನ್ನು ಗೋವೆಯ ವಕೀಲರಿಂದಲೇ ಪರಿಶೀಲಿಸಿಕೊಳ್ಳಿರಿ. ನಮ್ಮ ಊರಿನ ಕಾನೂನಿನ ತಿಳಿವಳಿಕೆ ಅಲ್ಲಿ ಸಾಲದು.

ಎರಡನೆಯದು, ಒಳಗೆ ಯಾರಿದ್ದಾರೆಂಬುದು. ಹಳೆಯ ಕಟ್ಟಡ ಕೊಂಡರೆ ಹಳೆಯ ಬಾಡಿಗೆದಾರನನ್ನೂ ಕೊಂಡಂತೆಯೇ. ೧೯೬೮ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇದ್ದವನನ್ನು ಮಾಲೀಕನ ಇಷ್ಟದಂತೆ ಎಬ್ಬಿಸಲಾಗದು. ಸಕಾರಣ ತೋರಿಸಿ ಕಾನೂನಿನ ದಾರಿಯಲ್ಲೇ ಹೋಗಬೇಕು. ಭಾಟ್ಕಾರರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಮುಂಡ್ಕಾರನಿಗೂ ೧೯೭೫ರ ಕಾಯ್ದೆಯ ಆಸರೆಯಿದೆ. ಆ ಮನೆಯನ್ನು ಕೊಳ್ಳುವ ಹಕ್ಕೂ ಅವನಿಗಿದೆ. ಇವರೆಲ್ಲ ಬಡವರಿಗಾಗಿ ಬಂದ ಕಾನೂನಿನ ನೆರಳಿನಲ್ಲಿರುವವರು. ಅವರನ್ನು ಬೆದರಿಸಿ ಬಿಡಿಸುವ ಮಾತಿಗೆ ಯಾರೂ ಕಿವಿಗೊಡಬಾರದು.

ಮೂರನೆಯದು, ಹೊಸ ಕರಾರು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಯಾವ ವ್ಯಾಪಾರಕ್ಕೆ ಕೊಟ್ಟಿದ್ದೇವೆ, ಮತ್ತೊಬ್ಬರಿಗೆ ಒಳಬಾಡಿಗೆ ಕೊಡಬಾರದು, ವಿದ್ಯುತ್ ಬಿಲ್ಲು ಯಾರದು ಎಂಬುದನ್ನೆಲ್ಲ ಬರೆಸಿರಿ. ಬಾಡಿಗೆದಾರನ ವಿವರವನ್ನು ಪೊಲೀಸ್ ಠಾಣೆಗೆ ತಿಳಿಸಿರಿ. ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವುದಾದರೆ ೧೯೮೨ರ ಕಾಯ್ದೆಯಂತೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು.

ನಾಲ್ಕನೆಯದು, ಲೆಕ್ಕ. ಆದಾಯ ತೆರಿಗೆಯಲ್ಲಿ, ನೀವು ಕಟ್ಟಿದ ಮನೆ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ. ೩೦ ರಿಯಾಯಿತಿ ಸಿಗುತ್ತದೆ. ಆದರೆ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಬೀಳುವ ನಾಡು ಅದು. ಕಡಲಿನ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿವರ್ಷ ಮಿರ್ಗದ ಮಳೆಗೆ ಮುಂಚೆ ಸೂರು ನೋಡಿಸಬೇಕು. ಹನ್ನೆರಡು ತಿಂಗಳ ಬಾಡಿಗೆಯಲ್ಲಿ ಹತ್ತನ್ನಷ್ಟೇ ನಮ್ಮದೆಂದು ಹಿಡಿದರೆ ಕ್ಷೇಮ.

ಕೊನೆಯ ಮಾತು ಯಾವ ವಕೀಲರೂ ಹೇಳದ್ದು. ಗೋವೆಯಲ್ಲಿ ಮಳಿಗೆ ಖಾಲಿ ಬಿದ್ದರೆ ಬಾರ್ ನಡೆಸುವವರು ಬಂದು ಕೇಳುವುದುಂಟು. ನಮ್ಮ ಮನೆತನದ ಮಳಿಗೆಗೂ ಒಮ್ಮೆ ಒಂದೂವರೆ ಪಟ್ಟು ಬಾಡಿಗೆ ಹೇಳಿದರು. "ನಾವೇನು ಕುಡಿಸುವುದಿಲ್ಲ, ನಾಲ್ಕು ಗೋಡೆ ಕೊಡುತ್ತೇವೆ ಅಷ್ಟೆ" ಎಂದು ನಾವೂ ವಾದಿಸಿದೆವು. ಅವ್ವ ಒಂದೇ ಪ್ರಶ್ನೆ ಕೇಳಿದರು: "ಆ ದುಡ್ಡಿನ ಅಕ್ಕಿಯನ್ನು ಬಸದಿಗೆ ಒಯ್ಯುತ್ತೀರೇನು?" ಉತ್ತರ ಹೊರಡಲಿಲ್ಲ. ಕೃತ, ಕಾರಿತ, ಅನುಮೋದನೆ ಎಂದು ಚಿಕ್ಕಂದಿನಿಂದ ಕೇಳಿದ ಮಾತು ಅಂದು ಅರ್ಥವಾಯಿತು. ಮಳಿಗೆ ಐದು ತಿಂಗಳು ಖಾಲಿ ಉಳಿಯಿತು, ನಷ್ಟವಾದದ್ದು ನಿಜ. ಆಮೇಲೆ ನೋಟುಪುಸ್ತಕದ ಅಂಗಡಿಯವರು ಕಡಿಮೆ ಬಾಡಿಗೆಗೆ ಬಂದರು.

ಇದಕ್ಕೆ ಸರಿಸಮವಾದ ಇನ್ನೊಂದು ಮಾತು: ಮುಂಗಡ ಹಣ ಬಾಡಿಗೆದಾರನ ಸ್ವತ್ತು. ಅವನು ಬಿಟ್ಟುಹೋಗುವ ದಿನ ಇಲ್ಲದ ದುರಸ್ತಿ ತೋರಿಸಿ ಅದನ್ನು ಮುರಿದುಕೊಂಡರೆ ಅಚೌರ್ಯವ್ರತಕ್ಕೆ ಭಂಗ.

ಪತ್ರ ಬರೆದ ಸಹೋದರರಿಗೆ ನಮ್ಮ ಸಲಹೆ: ಮದುವೆ ಎರಡು ಮೂರು ವರ್ಷಗಳಲ್ಲಿದ್ದರೆ ಆ ಹಣವನ್ನು ಕಟ್ಟಡಕ್ಕೆ ಹಾಕಬೇಡಿರಿ. ಬೇಕೆಂದಾಗ ಗೋಡೆ ರೊಕ್ಕವಾಗುವುದಿಲ್ಲ. ಮದುವೆ ದೂರವಿದ್ದರೆ, ಮೇಲಿನ ಕಾಗದಗಳನ್ನು ನೋಡಿಸಿ, ಈಗಿರುವ ಬಾಡಿಗೆದಾರರನ್ನು ಸ್ವತಃ ಕಂಡು ಮಾತನಾಡಿ, ಆಮೇಲಷ್ಟೇ ಮುಂಗಡ ಕೊಡಿರಿ.

ಜೈ ಜಿನೇಂದ್ರ.