ವಿಚಾರಣೆ ನಿಂತರೂ ನಿಲ್ಲದ ಸೆರೆ

ಗೆ: ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ, ಬೆಂಗಳೂರು

ವಿಷಯ: ತೀವ್ರ ಮಾನಸಿಕ ಕಾಯಿಲೆಯುಳ್ಳ ವಿಚಾರಣಾಧೀನ ಕೈದಿಗಳ ಹಕ್ಕುಗಳ ಬಗ್ಗೆ ಮನವಿ

ಆರೋಪ ಏನೆಂದೇ ಅರ್ಥವಾಗದ, ವಕೀಲರಿಗೆ ತನ್ನ ಕಡೆಯ ಸಂಗತಿ ಹೇಳಲಾಗದ ಆರೋಪಿಯ ವಿಚಾರಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಂಗಳ ಪ್ರಕಾರ ಮುಂದೂಡಬೇಕು. ಇದು ನ್ಯಾಯವೇ. ಆದರೆ ಮುಂದೂಡಿದ ಮೇಲೆ ಕಡತ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಉಳಿದುಬಿಡುವುದುಂಟು. ಹೆಸರು ಕೂಗಿದರೂ ಓಗೊಡದೆ ಗೋಡೆಯತ್ತ ಮುಖ ಮಾಡಿ ನಿಂತವನಿಗೆ ಸಿಗುವುದು ಮತ್ತೊಂದು ದಿನಾಂಕ ಮಾತ್ರ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕ್ಷಿ. 1951ರಲ್ಲಿ, 23ರ ಹರೆಯದಲ್ಲಿ ಬಂಧಿತರಾದ ಅವರನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1967ರಲ್ಲಿ ಗುಣವಾಗಿದ್ದಾರೆಂದು ವೈದ್ಯರು ಬರೆದುಕೊಟ್ಟರು. ಆಗ ಅವರು ಹೋದದ್ದು ಮನೆಗಲ್ಲ, ಜೈಲಿಗೆ. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಣ್ಣಿಗೆ ಬಿದ್ದ ಮೇಲೆ ಒಂದು ರೂಪಾಯಿಯ ಮುಚ್ಚಳಿಕೆ ಪಡೆದು ಬಿಟ್ಟರು. ಆಗ ಅವರಿಗೆ 77.

ಕಾನೂನಿಗೆ ಕೊರತೆಯಿಲ್ಲ. ಅಪರಾಧ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. 2014ರಲ್ಲಿ ಸ್ಕಿಜೋಫ್ರೇನಿಯಾ ಇದ್ದ ಕೈದಿಯ ಮರಣದಂಡನೆಯನ್ನೂ ಜೀವಾವಧಿಗೆ ಇಳಿಸಿದೆ. ನೇಣಿನ ಹತ್ತಿರ ಹೋದವನಿಗೆ ದಕ್ಕಿದ ಈ ಕರುಣೆ ಸಣ್ಣ ಕಳವಿನ ಆರೋಪಿಗೆ ಜೈಲಿನ ಮೂಲೆಯಲ್ಲಿ ದಕ್ಕದಿರುವುದು ನೋವಿನ ಸಂಗತಿ. ನಾಗರಿಕ ಸುರಕ್ಷಾ ಸಂಹಿತೆಯ 369ನೇ ಕಲಂ ಅವನನ್ನು ಚಿಕಿತ್ಸೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುತ್ತದೆ. ಆದರೆ ನೋಡಿಕೊಳ್ಳುತ್ತೇವೆಂದು ಬಂಧುಗಳೋ ಸ್ನೇಹಿತರೋ ಬರೆದುಕೊಡಬೇಕು. ಕಾಯಿಲೆಯಿಂದಾಗಿಯೇ ಮನೆಯವರನ್ನು ಕಳೆದುಕೊಂಡವನಿಗೆ ಸಹಿ ಹಾಕುವವರು ಯಾರು?

ಆದ್ದರಿಂದ, ಬಂಧುಗಳಿಲ್ಲದವರ ಪರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಹೊಣೆಗಾರರನ್ನು ಹುಡುಕಿಕೊಡುವ ವ್ಯವಸ್ಥೆಯಾಗಲು ಆಯೋಗವು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ವಿಚಾರಣೆ ಮುಂದೂಡಲಾದ ಪ್ರತಿಯೊಬ್ಬರ ಪಟ್ಟಿಯನ್ನು ಕಾರಾಗೃಹಗಳಿಂದ ತರಿಸಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಲೇಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಹೇಳುತ್ತದೆ. ನಿಮ್ಹಾನ್ಸ್‌ನಂಥ ಸಂಸ್ಥೆಯಿರುವ ರಾಜ್ಯ ಅಷ್ಟಕ್ಕೇ ತೃಪ್ತವಾಗಬಾರದು. ಪ್ರತಿ ಕೇಂದ್ರ ಕಾರಾಗೃಹಕ್ಕೂ ಮನೋವೈದ್ಯರು ಬೇಕು. ಬೆಂಗಾವಲು ಪೊಲೀಸರಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯ ಭೇಟಿ ತಪ್ಪಬಾರದು, ಜೈಲು ಬದಲಾದ ದಿನ ಮಾತ್ರೆಯೂ ನಿಲ್ಲಬಾರದು. ಗುಣಮುಖರಾದವರ ವಿಷಯ ವೈದ್ಯರು ಬರೆದುಕೊಟ್ಟ ದಿನವೇ ನ್ಯಾಯಾಲಯಕ್ಕೆ ತಲುಪಬೇಕೆಂದು ಕೋರಲಾಗಿದೆ.